ಎಡ್ವರ್ಡ್ ಲೀ ಥಾರ್ನ್‌ಡೈಕ್

ಎಡ್ವರ್ಡ್ ಲೀ ಥಾರ್ನ್‌ಡೈಕ್ (ಆಗಸ್ಟ್ 31, 1874 – ಆಗಸ್ಟ್ 9, 1949) ಅಮೆರಿಕದ ಮನೋವಿಜ್ಞಾನಿ. ಶೈಕ್ಷಣಿಕ ಮನೋವಿಜ್ಞಾನವನ್ನು ಪ್ರಯೋಗ ಮತ್ತು ಮಾಪನಗಳ ಆಧಾರದ ಮೇಲೆ ಸ್ವತಂತ್ರ ಶಾಸ್ತ್ರವಾಗಿ ನೆಲೆಗೊಳಿಸಿದವರಲ್ಲಿ ಇವರು ಅಗ್ರಗಣ್ಯರು. ಪ್ರಯತ್ನ-ದೋಷ ಕಲಿಕೆಯ ಸಿದ್ಧಾಂತ, ಕಲಿಕೆಯ ಮೂರು ನಿಯಮಗಳು ಹಾಗೂ ಕಲಿಕೆಯ ವರ್ಗಾವಣೆಯನ್ನು ಕುರಿತ ಸಮಾನ ಘಟಕಗಳ ಸಿದ್ಧಾಂತ ಇವರ ಮುಖ್ಯ ಕೊಡುಗೆಗಳು. ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಇವರು ಸುಮಾರು ನಾಲ್ಕು ದಶಕಗಳ ಕಾಲ ಅಧ್ಯಾಪಕರಾಗಿದ್ದರು.

ಸಿದ್ಧತೆ, ಅಭ್ಯಾಸ ಮತ್ತು ಪರಿಣಾಮ ಎಂಬ ಮೂರು ನಿಯಮಗಳು ಇಂದಿಗೂ ಶಿಕ್ಷಕರ ತರಬೇತಿಯ ಪಠ್ಯಗಳಲ್ಲಿ, ಕರ್ನಾಟಕದ ಬಿ.ಎಡ್. ಮತ್ತು ಡಿ.ಎಡ್. ಪುಸ್ತಕಗಳಲ್ಲಿಯೂ, ಥಾರ್ನ್‌ಡೈಕ್ ಅವರ ಹೆಸರಿನೊಂದಿಗೆ ಕಾಣಿಸಿಕೊಳ್ಳುತ್ತವೆ. ಆದರೆ ಇವುಗಳಲ್ಲಿ ಅಭ್ಯಾಸ ನಿಯಮವನ್ನು ಅವರೇ ತಮ್ಮ ಐವತ್ತೈದನೆಯ ವಯಸ್ಸಿನ ಹೊತ್ತಿಗೆ ಕೈಬಿಟ್ಟರು. ಪರಿಣಾಮ ನಿಯಮದ ಒಂದು ಭಾಗವನ್ನೂ ಬಹುಮಟ್ಟಿಗೆ ತೆಗೆದುಹಾಕಿದರು. ಈ ಬದಲಾವಣೆ ಪಠ್ಯಪುಸ್ತಕಗಳಿಗೆ ಪೂರ್ಣವಾಗಿ ತಲುಪಲಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಥಾರ್ನ್‌ಡೈಕ್ ಜನಿಸಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್‌ಬರ್ಗ್ ಎಂಬ ಊರಿನಲ್ಲಿ. ತಂದೆ ಎಡ್ವರ್ಡ್ ರಾಬರ್ಟ್ಸ್ ಥಾರ್ನ್‌ಡೈಕ್ ಮೆಥಡಿಸ್ಟ್ ಪಂಥದ ಪಾದ್ರಿ. ತಾಯಿ ಅಬಿಗೇಲ್ ಬ್ರೂಸ್ಟರ್ ಲ್ಯಾಡ್. ತಂದೆಗೆ ಆಗಾಗ ವರ್ಗವಾಗುತ್ತಿದ್ದುದರಿಂದ ಕುಟುಂಬ ಊರಿಂದೂರಿಗೆ ಹೋಗಬೇಕಾಯಿತು. ಮನೆಯಲ್ಲಿ ಶಿಸ್ತು ಕಟ್ಟುನಿಟ್ಟಾಗಿತ್ತು, ಓದಿಗೆ ಅಪಾರ ಬೆಲೆಯಿತ್ತು. ಅಣ್ಣ ಆ್ಯಶ್ಲಿ ಮುಂದೆ ಶೇಕ್ಸ್‌ಪಿಯರ್ ವಿದ್ವಾಂಸರಾದರು, ತಮ್ಮ ಲಿನ್ ಮಧ್ಯಯುಗದ ವಿಜ್ಞಾನ ಮತ್ತು ಮಾಂತ್ರಿಕ ವಿದ್ಯೆಗಳ ಇತಿಹಾಸಕಾರರಾಗಿ ಹೆಸರಾದರು. ಮೂವರು ಸಹೋದರರೂ ಕೊಲಂಬಿಯಾದಲ್ಲಿ ಪ್ರಾಧ್ಯಾಪಕರಾದುದು ವಿಶೇಷ.

1891ರಲ್ಲಿ ರಾಕ್ಸ್‌ಬರಿ ಲ್ಯಾಟಿನ್ ಶಾಲೆಯಿಂದ ತೇರ್ಗಡೆಯಾದ ಥಾರ್ನ್‌ಡೈಕ್, 1895ರಲ್ಲಿ ವೆಸ್ಲಿಯನ್ ವಿಶ್ವವಿದ್ಯಾಲಯದ ಪದವಿ ಪಡೆದರು. ಅಲ್ಲಿ ಒಂದು ಬಹುಮಾನ ಪರೀಕ್ಷೆಗೆ ಸಿದ್ಧರಾಗುವಾಗ ಓದಿದ ವಿಲಿಯಂ ಜೇಮ್ಸ್ ಅವರ ಮನೋವಿಜ್ಞಾನದ ಗ್ರಂಥ ಇವರನ್ನು ಸೆಳೆಯಿತು. ಸಾಹಿತ್ಯವನ್ನು ಅಧ್ಯಯನ ಮಾಡುವ ಉದ್ದೇಶದಿಂದ ಹಾರ್ವರ್ಡ್‌ಗೆ ಬಂದರಾದರೂ ಜೇಮ್ಸ್ ಅವರ ತರಗತಿಗಳಿಗೆ ಸೇರಿದ ಮೇಲೆ ಮನೋವಿಜ್ಞಾನಕ್ಕೇ ಒಲಿದರು.

ಹಾರ್ವರ್ಡ್‌ನಲ್ಲಿ ಇವರು ಮೊದಲು ಪ್ರಯೋಗ ಆರಂಭಿಸಿದ್ದು ಪುಟ್ಟ ಮಕ್ಕಳ ಮೇಲೆ. ಎದುರಿಗಿರುವವರ ಮುಖಚರ್ಯೆಯ ಸೂಕ್ಷ್ಮ ಬದಲಾವಣೆಗಳಿಂದ ಅವರ ಮನಸ್ಸಿನಲ್ಲಿರುವುದನ್ನು ಮಗು ಊಹಿಸಬಲ್ಲದೇ ಎಂಬುದು ಪ್ರಶ್ನೆ. ಸರಿಯಾಗಿ ಊಹಿಸಿದ ಮಗುವಿಗೆ ಮಿಠಾಯಿ. ಅಧಿಕಾರಿಗಳು ಈ ಪ್ರಯೋಗವನ್ನು ನಿಲ್ಲಿಸಿದ ನಂತರ ಥಾರ್ನ್‌ಡೈಕ್ ಕೋಳಿಮರಿಗಳತ್ತ ತಿರುಗಿದರು. ಪುಸ್ತಕಗಳನ್ನು ಅಂಚಿನ ಮೇಲೆ ನಿಲ್ಲಿಸಿ ಚಕ್ರವ್ಯೂಹದಂತಹ ದಾರಿಗಳನ್ನು ಮಾಡಿ, ಮರಿಗಳು ಹೊರಬರಲು ಹಿಡಿಯುವ ಸಮಯವನ್ನು ದಾಖಲಿಸಿದರು. ಬಾಡಿಗೆ ಕೋಣೆಯಲ್ಲಿ ಕೋಳಿ ಸಾಕುವುದಕ್ಕೆ ಮನೆಯೊಡತಿ ಆಕ್ಷೇಪಿಸಿದಾಗ ಜೇಮ್ಸ್ ತಮ್ಮ ಮನೆಯ ನೆಲಮಾಳಿಗೆಯನ್ನೇ ಬಿಟ್ಟುಕೊಟ್ಟರು. ಇದರಿಂದ ಜೇಮ್ಸ್ ಅವರ ಮಕ್ಕಳಿಗೆ ಬಹಳ ಸಂತೋಷವಾಯಿತಂತೆ.

1897ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಶಿಷ್ಯವೇತನ ದೊರೆತಾಗ, ಚೆನ್ನಾಗಿ ಕಲಿತಿದ್ದ ಎರಡು ಕೋಳಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಅವರು ನ್ಯೂಯಾರ್ಕಿಗೆ ಹೊರಟರು. ಅಲ್ಲಿ ಮಾರ್ಗದರ್ಶಕರಾಗಿದ್ದವರು ಜೇಮ್ಸ್ ಮೆಕೀನ್ ಕ್ಯಾಟೆಲ್. ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ ಅವರಿಂದ ಸಂಖ್ಯಾಶಾಸ್ತ್ರವನ್ನು ಕಲಿತರು. ಮುಂದಿನ ಜೀವನದಲ್ಲಿ ಇವರ ಬಹುತೇಕ ಕೆಲಸಗಳ ಹಿಂದೆ ಈ ಸಂಖ್ಯಾಶಾಸ್ತ್ರದ ಪಾಠವಿದೆ.

ಒಗಟು ಪೆಟ್ಟಿಗೆಯ ಪ್ರಯೋಗಗಳು

ಶೆರ್ಮರ್‌ಹಾರ್ನ್ ಭವನದ ಅಟ್ಟದಲ್ಲಿ ಥಾರ್ನ್‌ಡೈಕ್ ಮರದ ಪಟ್ಟಿಗಳಿಂದ ಪೆಟ್ಟಿಗೆಗಳನ್ನು ತಾವೇ ತಯಾರಿಸಿದರು. ಯಂತ್ರೋಪಕರಣಗಳ ವಿಷಯದಲ್ಲಿ ಅವರ ಕೈ ಅಷ್ಟೇನೂ ಪಳಗಿರಲಿಲ್ಲ. ಚಿತ್ರಗಳಲ್ಲಿ ಕಾಣುವ ಆ ಪೆಟ್ಟಿಗೆಗಳು ಒರಟೊರಟಾಗಿಯೇ ಇವೆ. ಸುಮಾರು 20 ಅಂಗುಲ ಉದ್ದ, 15 ಅಂಗುಲ ಅಗಲ, 12 ಅಂಗುಲ ಎತ್ತರದ ಪೆಟ್ಟಿಗೆಯೊಳಗೆ ಹಸಿದ ಬೆಕ್ಕನ್ನು ಬಿಟ್ಟು, ಹೊರಗೆ ಕಣ್ಣಿಗೆ ಬೀಳುವಂತೆ ಆಹಾರ ಇಡಲಾಗುತ್ತಿತ್ತು. ತಂತಿಯ ಕುಣಿಕೆಯನ್ನು ಎಳೆದರೆ, ಅಗುಳಿಯನ್ನು ತಿರುಗಿಸಿದರೆ, ಅಥವಾ ಹಲಗೆಯೊಂದನ್ನು ತುಳಿದರೆ ಬಾಗಿಲು ತೆರೆಯುತ್ತಿತ್ತು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಉಪಾಯ ಬೇರೆ.

ಒಳಗೆ ಸಿಲುಕಿದ ಬೆಕ್ಕು ಮೊದಲಿಗೆ ಪರಚುತ್ತದೆ, ಕಚ್ಚುತ್ತದೆ, ಸಂದುಗಳಲ್ಲಿ ನುಸುಳಲು ಹೆಣಗುತ್ತದೆ. ಈ ಗಡಿಬಿಡಿಯಲ್ಲಿ ಎಂದೋ ಒಮ್ಮೆ ಪಂಜ ಕುಣಿಕೆಗೆ ತಗುಲಿ ಬಾಗಿಲು ತೆರೆದುಕೊಳ್ಳುತ್ತದೆ. ಮತ್ತೆ ಮತ್ತೆ ಅದೇ ಪೆಟ್ಟಿಗೆಗೆ ಹಾಕಿದಾಗ ವ್ಯರ್ಥ ಚಲನೆಗಳು ಕಡಿಮೆಯಾಗುತ್ತ ಬಂದು, ಕೊನೆಗೆ ಬೆಕ್ಕು ನೇರವಾಗಿ ಕುಣಿಕೆಯನ್ನೇ ಎಳೆಯುತ್ತದೆ. ಒಂದು ಬೆಕ್ಕು ಮೊದಲ ಸಲ ಹೊರಬರಲು 160 ಸೆಕೆಂಡು ತೆಗೆದುಕೊಂಡಿತು. ಎರಡನೆಯ ಸಲ 30, ಮೂರನೆಯ ಸಲ ಮತ್ತೆ 90. ಇಪ್ಪತ್ತನಾಲ್ಕನೆಯ ಪ್ರಯತ್ನದ ಹೊತ್ತಿಗೆ 7 ಸೆಕೆಂಡು ಸಾಕಾಯಿತು. ಹೀಗೆ ಏರಿಳಿಯುತ್ತ ನಿಧಾನವಾಗಿ ಕೆಳಗಿಳಿಯುವ ಈ ರೇಖೆಯೇ ಕಲಿಕೆಯ ವಕ್ರರೇಖೆಯೆಂದು ಪ್ರಸಿದ್ಧವಾಯಿತು.

ಬೆಕ್ಕಿಗೆ ಪೆಟ್ಟಿಗೆಯ ರಹಸ್ಯ ಅರ್ಥವಾಗಿದ್ದರೆ ಸಮಯ ಒಮ್ಮೆಲೇ ಕುಸಿದು ಅಲ್ಲಿಯೇ ನಿಲ್ಲಬೇಕಿತ್ತು ಎಂಬುದು ಥಾರ್ನ್‌ಡೈಕ್ ಅವರ ವಾದ. ಹಾಗಾಗಲಿಲ್ಲವಾದ್ದರಿಂದ ಪ್ರಾಣಿ ತರ್ಕದಿಂದ ಕಲಿಯುವುದಿಲ್ಲ. ಸನ್ನಿವೇಶಕ್ಕೂ ಯಶಸ್ವಿ ಚಲನೆಗೂ ನಡುವಿನ ಸಂಬಂಧ ಹಂತಹಂತವಾಗಿ ಗಟ್ಟಿಯಾಗುತ್ತದೆ ಎಂದು ಅವರು ತೀರ್ಮಾನಿಸಿದರು. ಪ್ರಚೋದನೆ ಮತ್ತು ಪ್ರತಿಕ್ರಿಯೆಗಳ ನಡುವಿನ ಈ ಸಂಬಂಧವೇ ಕಲಿಕೆಯ ಘಟಕವೆಂದು ಭಾವಿಸುವುದರಿಂದ ಇವರ ಸಿದ್ಧಾಂತಕ್ಕೆ ಸಂಬಂಧವಾದ ಎಂಬ ಹೆಸರೂ ಇದೆ. ಅಂದಿನವರೆಗೆ ಪ್ರಾಣಿಗಳ ಬುದ್ಧಿಯ ಬಗ್ಗೆ ಬರೆಯುತ್ತಿದ್ದವರು ಹೆಚ್ಚಾಗಿ ಅವರಿವರು ಕಂಡು ಹೇಳಿದ ಅಚ್ಚರಿಯ ಕತೆಗಳನ್ನೇ ಆಧರಿಸುತ್ತಿದ್ದರು. ಆ ಪದ್ಧತಿಯ ಮೇಲೆ ಈ ಪ್ರಯೋಗಗಳು ಬಲವಾದ ಪೆಟ್ಟು ಕೊಟ್ಟವು.

ಶಿಕ್ಷಕರ ದೃಷ್ಟಿಯಿಂದ ಇನ್ನೂ ಎರಡು ಪ್ರಯೋಗಗಳು ಗಮನಾರ್ಹ. ಒಂದರಲ್ಲಿ, ಬಾಗಿಲು ತೆರೆಯಬಲ್ಲ ಬೆಕ್ಕನ್ನು ಇನ್ನೊಂದು ಬೆಕ್ಕು ಪಕ್ಕದಿಂದ ಹಲವು ಬಾರಿ ನೋಡುವಂತೆ ಮಾಡಲಾಯಿತು. ಮತ್ತೊಂದರಲ್ಲಿ, ಬೆಕ್ಕಿನ ಪಂಜವನ್ನು ಹಿಡಿದು ಪ್ರಯೋಗಕಾರರೇ ಕುಣಿಕೆ ಎಳೆಸಿದರು. ನೋಡಿದ್ದರಿಂದಾಗಲಿ, ಕೈಹಿಡಿದು ಮಾಡಿಸಿದ್ದರಿಂದಾಗಲಿ ಕಲಿಕೆ ಕಂಡುಬರಲಿಲ್ಲ. ಬೆಕ್ಕು ತಾನೇ ಮಾಡಿದ್ದನ್ನು ಮಾತ್ರ ಕಲಿಯಿತು. ಈ ಅಧ್ಯಯನ 1898ರಲ್ಲಿ ಡಾಕ್ಟರೇಟ್ ಪ್ರಬಂಧವಾಗಿ ಹೊರಬಂದಾಗ ಥಾರ್ನ್‌ಡೈಕ್ ಅವರಿಗೆ ಇನ್ನೂ 24 ವರ್ಷ ತುಂಬಿರಲಿಲ್ಲ. ಮುಂದೆ 1911ರಲ್ಲಿ ಇದನ್ನು ಇತರ ಲೇಖನಗಳೊಂದಿಗೆ ಸೇರಿಸಿ 'ಅನಿಮಲ್ ಇಂಟೆಲಿಜೆನ್ಸ್' ಎಂಬ ಗ್ರಂಥವಾಗಿ ಪ್ರಕಟಿಸಿದರು.

ಕ್ಲೀವ್‌ಲ್ಯಾಂಡ್ ನಗರದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಪಾಠ ಮಾಡಿ, 1899ರಲ್ಲಿ ಟೀಚರ್ಸ್ ಕಾಲೇಜಿಗೆ ಸೇರಿದರು. 1900ರಲ್ಲಿ ಎಲಿಜಬೆತ್ ಮೌಲ್ಟನ್ ಅವರನ್ನು ವಿವಾಹವಾದರು. 1904ರಲ್ಲಿ ಪ್ರಾಧ್ಯಾಪಕರಾಗಿ, 1940ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಉಳಿದರು.

ಕಲಿಕೆಯ ಮೂರು ನಿಯಮಗಳು

1913-14ರಲ್ಲಿ ಮೂರು ಸಂಪುಟಗಳಲ್ಲಿ ಬಂದ 'ಎಜುಕೇಷನಲ್ ಸೈಕಾಲಜಿ' ಗ್ರಂಥದಲ್ಲಿ ಈ ನಿಯಮಗಳ ಪೂರ್ಣ ನಿರೂಪಣೆ ಇದೆ.

ಸಿದ್ಧತಾ ನಿಯಮದ ಪ್ರಕಾರ, ಒಂದು ಕ್ರಿಯೆಗೆ ಜೀವಿ ಸಿದ್ಧವಾಗಿದ್ದಾಗ ಅದನ್ನು ಮಾಡುವುದು ತೃಪ್ತಿಕರ, ಮಾಡಲು ಅವಕಾಶ ಸಿಗದಿದ್ದರೆ ಕಿರಿಕಿರಿ. ಸಿದ್ಧವಿಲ್ಲದಾಗ ಬಲವಂತದಿಂದ ಮಾಡಿಸುವುದೂ ಕಿರಿಕಿರಿ. ಮಗು ಶಾಲೆಗೆ ಸೇರುವಷ್ಟು ಬೆಳೆದಿದೆಯೇ ಎಂಬ ಅರ್ಥದಲ್ಲಿ ಈ ನಿಯಮವನ್ನು ವಿವರಿಸುವ ರೂಢಿ ಇದ್ದರೂ ಥಾರ್ನ್‌ಡೈಕ್ ಹೇಳಿದ್ದು ಕ್ಷಣಕ್ಷಣದ ಮನಃಸ್ಥಿತಿಯನ್ನು ಕುರಿತು.

ಅಭ್ಯಾಸ ನಿಯಮದ ಪ್ರಕಾರ ಬಳಸಿದ ಸಂಬಂಧ ಬಲಗೊಳ್ಳುತ್ತದೆ, ಬಳಸದ ಸಂಬಂಧ ದುರ್ಬಲವಾಗುತ್ತದೆ.

ಇವೆರಡಕ್ಕಿಂತ ಪರಿಣಾಮ ನಿಯಮವೇ ಮಹತ್ವದ್ದು. ಪ್ರತಿಕ್ರಿಯೆಯ ಬೆನ್ನಿಗೆ ತೃಪ್ತಿಕರವಾದ ಸ್ಥಿತಿ ಒದಗಿದರೆ ಸಂಬಂಧ ಗಟ್ಟಿಯಾಗುತ್ತದೆ, ಅಹಿತಕರ ಸ್ಥಿತಿ ಒದಗಿದರೆ ಸಡಿಲವಾಗುತ್ತದೆ ಎಂಬುದು ಇದರ ಮೊದಲ ರೂಪ. ತೃಪ್ತಿಯೆಂಬುದು ಒಳಗಿನ ಅನುಭವವಲ್ಲವೇ, ಅದನ್ನು ಅಳೆಯುವುದು ಹೇಗೆ ಎಂಬ ಆಕ್ಷೇಪಕ್ಕೆ ಥಾರ್ನ್‌ಡೈಕ್ ವರ್ತನೆಯ ನೆಲೆಯಲ್ಲಿ ಉತ್ತರಿಸಿದರು: ಯಾವ ಸ್ಥಿತಿಯನ್ನು ಪ್ರಾಣಿ ತಪ್ಪಿಸಿಕೊಳ್ಳಲು ಯತ್ನಿಸದೆ, ಪಡೆಯಲು ಅಥವಾ ಉಳಿಸಿಕೊಳ್ಳಲು ಯತ್ನಿಸುತ್ತದೆಯೋ ಅದು ತೃಪ್ತಿಕರ. ಬಿ. ಎಫ್. ಸ್ಕಿನ್ನರ್ ಅವರ ಪುನರ್ಬಲನದ ಪರಿಕಲ್ಪನೆ ಇದೇ ನೆಲದಿಂದ ಬೆಳೆದದ್ದು.

ಇವಲ್ಲದೆ ಬಹುಪ್ರತಿಕ್ರಿಯೆ, ಮನೋಭಾವ, ಸಾದೃಶ್ಯ, ಸಹಚರ್ಯದ ಸ್ಥಳಾಂತರ ಮುಂತಾದ ಕೆಲವು ಉಪನಿಯಮಗಳನ್ನೂ ಅವರು ಹೇಳಿದ್ದಾರೆ.

ಕಲಿಕೆಯ ವರ್ಗಾವಣೆ

ಗಣಿತವನ್ನೂ ಲ್ಯಾಟಿನ್ ಭಾಷೆಯನ್ನೂ ಕಲಿತರೆ ಬುದ್ಧಿ ಒಟ್ಟಾರೆಯಾಗಿ ಹರಿತಗೊಳ್ಳುತ್ತದೆ, ಗರಡಿಯಲ್ಲಿ ಮೈ ಹುರಿಗೊಳ್ಳುವಂತೆ ಕಷ್ಟದ ವಿಷಯಗಳಿಂದ ಮನಸ್ಸು ಹುರಿಗೊಳ್ಳುತ್ತದೆ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಶಾಲೆಗಳಲ್ಲಿ ಬೇರೂರಿತ್ತು. 1901ರಲ್ಲಿ ಥಾರ್ನ್‌ಡೈಕ್ ಮತ್ತು ಅವರ ಮಿತ್ರ ರಾಬರ್ಟ್ ವುಡ್‌ವರ್ತ್ ಇದನ್ನು ಪರೀಕ್ಷೆಗೊಡ್ಡಿದರು. ಆಯತಗಳ ವಿಸ್ತೀರ್ಣವನ್ನು ಕಣ್ಣಂದಾಜಿನಿಂದ ಹೇಳುವುದನ್ನು ಕೆಲವರಿಗೆ ಚೆನ್ನಾಗಿ ಅಭ್ಯಾಸ ಮಾಡಿಸಿ, ಬಳಿಕ ಬೇರೆ ಅಳತೆಯ ಮತ್ತು ಬೇರೆ ಆಕಾರದ ಚಿತ್ರಗಳನ್ನು ಕೊಟ್ಟರು. ಅಭ್ಯಾಸದಿಂದ ಬಂದ ನೈಪುಣ್ಯದ ಅಲ್ಪಭಾಗ ಮಾತ್ರ ಹೊಸ ಕೆಲಸಕ್ಕೆ ಒದಗಿತು. ಎರಡು ಕೆಲಸಗಳಲ್ಲಿ ಸಮಾನವಾದ ಘಟಕಗಳಿದ್ದಷ್ಟು ಮಾತ್ರ ಒಂದರ ಕಲಿಕೆ ಇನ್ನೊಂದಕ್ಕೆ ನೆರವಾಗುತ್ತದೆ ಎಂಬ ಸಿದ್ಧಾಂತ ಹುಟ್ಟಿದ್ದು ಹೀಗೆ. ಕೂಡಿಸುವುದು ಬಂದರೆ ಗುಣಾಕಾರಕ್ಕೆ ಅನುಕೂಲ, ಏಕೆಂದರೆ ಗುಣಾಕಾರದೊಳಗೆ ಕೂಡಿಸುವುದಿದೆ.

1924ರಲ್ಲಿ ಅವರು 8,500ಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳನ್ನು ವರ್ಷದ ಆದಿ ಮತ್ತು ಅಂತ್ಯದಲ್ಲಿ ಪರೀಕ್ಷಿಸಿದ ಅಧ್ಯಯನವನ್ನು ಪ್ರಕಟಿಸಿದರು. ಯಾವ ವಿಷಯ ಓದಿದರೆ ಸಾಮಾನ್ಯ ಬುದ್ಧಿಶಕ್ತಿ ಹೆಚ್ಚು ಬೆಳೆಯುತ್ತದೆ ಎಂಬ ಪ್ರಶ್ನೆಗೆ ದೊರೆತ ಉತ್ತರ: ವಿಷಯದಿಂದ ವಿಷಯಕ್ಕೆ ವ್ಯತ್ಯಾಸ ಅತ್ಯಲ್ಪ. ಲ್ಯಾಟಿನ್ ಮತ್ತು ರೇಖಾಗಣಿತಕ್ಕೆ ಮೀಸಲಾಗಿದ್ದ ವಿಶೇಷ ಗೌರವ ಇದರಿಂದ ಕುಂದಿತು. ಬದುಕಿಗೆ ನೇರವಾಗಿ ಬೇಕಾದುದನ್ನೇ ಕಲಿಸಬೇಕೆಂಬ ಪಠ್ಯಕ್ರಮ ಸುಧಾರಕರಿಗೆ ಬಲ ಬಂದಿತು.

ಸಮಾನ ಘಟಕಗಳ ಸಿದ್ಧಾಂತಕ್ಕೆ ಒಳ್ಳೆಯ ಪ್ರತಿವಾದವೂ ಇದೆ. ಚಾರ್ಲ್ಸ್ ಜಡ್ 1908ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಬಾಲಕರು ನೀರಿನೊಳಗಿನ ಗುರಿಗೆ ಬಾಣದಂತಹ ಮೊನಚು ಸಲಾಕೆಗಳನ್ನು ಎಸೆದರು. ಬೆಳಕಿನ ವಕ್ರೀಭವನದ ತತ್ತ್ವವನ್ನು ತಿಳಿದವರೂ ತಿಳಿಯದವರೂ ಮೊದಲಿಗೆ ಒಂದೇ ಮಟ್ಟದಲ್ಲಿದ್ದರು. ಗುರಿಯ ಆಳವನ್ನು 12 ಅಂಗುಲದಿಂದ 4 ಅಂಗುಲಕ್ಕೆ ಬದಲಿಸಿದಾಗ ಮಾತ್ರ ತತ್ತ್ವ ತಿಳಿದವರು ಬೇಗನೆ ಹೊಂದಿಕೊಂಡರು. ಘಟಕಗಳ ಹೋಲಿಕೆಗಿಂತ ತತ್ತ್ವದ ಅರಿವೇ ವರ್ಗಾವಣೆಗೆ ಕಾರಣ ಎಂದು ಜಡ್ ವಾದಿಸಿದರು.

ತರಗತಿಯಲ್ಲಿ ಅನ್ವಯ

1906ರ 'ಪ್ರಿನ್ಸಿಪಲ್ಸ್ ಆಫ್ ಟೀಚಿಂಗ್' ಶಿಕ್ಷಕರಿಗೆಂದೇ ಬರೆದ ಪುಸ್ತಕ. ವಿದ್ಯಾರ್ಥಿ ಯಾವ ಸನ್ನಿವೇಶವನ್ನು ಎದುರಿಸುತ್ತಾನೆ, ಅದಕ್ಕೆ ಯಾವ ಪ್ರತಿಕ್ರಿಯೆ ಬೇಕು ಎಂಬುದನ್ನು ಶಿಕ್ಷಕರು ಮೊದಲೇ ನಿರ್ಧರಿಸಿಕೊಳ್ಳಬೇಕು. ಆ ಸಂಬಂಧ ತಾನಾಗಿ ಮೂಡೀತೆಂದು ಕಾಯಬಾರದು ಎಂಬುದು ಅವರ ಬೋಧನಾ ವಿಚಾರದ ತಿರುಳು. ಮುಂದೆ ಮುರಿಯಬೇಕಾಗುವ ಅಭ್ಯಾಸವನ್ನು ಈಗ ಕಟ್ಟಬಾರದು, ಒಂದೇ ಸಂಬಂಧ ಸಾಕಾಗುವಲ್ಲಿ ಎರಡು ಮೂರನ್ನು ಕಲಿಸಬಾರದು ಎಂದೂ ಅವರು ಎಚ್ಚರಿಸಿದರು. ಬೆರಳೆಣಿಸಿ ಕೂಡುವ ರೂಢಿಯನ್ನು ಬೆಳೆಸಿ ಆಮೇಲೆ ಬಿಡಿಸಲು ಹೆಣಗುವ ಶಿಕ್ಷಕರಿಗೆ ಈ ಮಾತಿನ ಅರ್ಥ ಬೇಗ ಹೊಳೆಯುತ್ತದೆ.

ಅಂಕಗಣಿತದಲ್ಲಿ ಅವರ ಪ್ರಭಾವ ಅತ್ಯಧಿಕ. 1917ರಲ್ಲಿ ಅವರ ಅಂಕಗಣಿತದ ಪಠ್ಯಮಾಲೆ ಬಂತು, 1922ರಲ್ಲಿ 'ಸೈಕಾಲಜಿ ಆಫ್ ಅರಿತ್‌ಮೆಟಿಕ್' ಪ್ರಕಟವಾಯಿತು. ನಿಜ ಜೀವನದಲ್ಲಿ ಎಂದೂ ಎದುರಾಗದ ವಿಚಿತ್ರ ಲೆಕ್ಕಗಳನ್ನು ಪುಸ್ತಕಗಳಿಂದ ತೆಗೆದುಹಾಕಬೇಕೆಂದು ಒತ್ತಾಯಿಸಿದರು. ಅಂದಿನ ಪುಸ್ತಕಗಳಲ್ಲಿ ಯಾವ ಲೆಕ್ಕಕ್ಕೆ ಎಷ್ಟು ಅಭ್ಯಾಸ ದೊರೆಯುತ್ತದೆಂದು ಒಂದೊಂದಾಗಿ ಎಣಿಸಿ, ಆ ಹಂಚಿಕೆ ಎಷ್ಟು ಅಡ್ಡಾದಿಡ್ಡಿಯಾಗಿದೆ ಎಂಬುದನ್ನು ತೋರಿಸಿದರು. ಪಠ್ಯಪುಸ್ತಕ ರಚನೆಯನ್ನು ಎಣಿಕೆಯಿಂದ ತೂಗಿನೋಡುವ ಈ ಕ್ರಮ ಆಗ ಹೊಸದು.

ಅದೇ ಎಣಿಕೆಯನ್ನು ಅವರು ಭಾಷೆಗೂ ಅನ್ವಯಿಸಿದರು. ಮಕ್ಕಳ ಸಾಹಿತ್ಯ, ಬೈಬಲ್, ಇಂಗ್ಲಿಷ್ ಅಭಿಜಾತ ಕೃತಿಗಳು, ಪತ್ರಿಕೆಗಳು, ಖಾಸಗಿ ಪತ್ರಗಳು ಸೇರಿ 41 ಮೂಲಗಳಿಂದ ಸುಮಾರು 45 ಲಕ್ಷ ಪದಗಳನ್ನು ಎಣಿಸಿ, ಹೆಚ್ಚಾಗಿ ಬಳಕೆಯಾಗುವ 10,000 ಪದಗಳ ಪಟ್ಟಿಯನ್ನು 1921ರಲ್ಲಿ ಶಿಕ್ಷಕರ ಕೈಗಿತ್ತರು. ಗಣಕಯಂತ್ರವಿಲ್ಲದ ಕಾಲದಲ್ಲಿ ಇದೆಲ್ಲ ಕೈಯಿಂದಲೇ ನಡೆದ ಕೆಲಸ. 1944ರಲ್ಲಿ ಅರ್ವಿಂಗ್ ಲಾರ್ಜ್ ಜೊತೆಗೂಡಿ ಈ ಪಟ್ಟಿಯನ್ನು 30,000 ಪದಗಳಿಗೆ ವಿಸ್ತರಿಸಿದರು. ಪದಕ್ಕಿಂತ ಅದರ ವಿವರಣೆ ಕಠಿಣವಾಗಿರಬಾರದೆಂಬ ನಿಯಮದಂತೆ ಮಕ್ಕಳಿಗಾಗಿ ನಿಘಂಟನ್ನೂ 1935ರಲ್ಲಿ ಹೊರತಂದರು.

ಇರುವುದೆಲ್ಲವೂ ಯಾವುದೋ ಒಂದು ಪ್ರಮಾಣದಲ್ಲಿ ಇರುತ್ತದೆ, ಆದ್ದರಿಂದ ಅದನ್ನು ಅಳೆಯಲು ಸಾಧ್ಯ ಎಂಬುದು ಅವರ ದೃಢ ನಂಬಿಕೆಯಾಗಿತ್ತು. 1910ರ ಕೈಬರಹದ ಮಾಪನಿ ಇದಕ್ಕೆ ಸರಳ ಉದಾಹರಣೆ: ಗುಣಮಟ್ಟದ ಕ್ರಮದಲ್ಲಿ ಜೋಡಿಸಿದ ಬರಹದ ಮಾದರಿಗಳ ಪಕ್ಕದಲ್ಲಿ ಮಗುವಿನ ಬರಹವನ್ನಿಟ್ಟು ಹೋಲಿಸಿ ಅಂಕ ಕೊಡುವುದು. 1920ರಲ್ಲಿ ಅವರು ಪ್ರಕಟಿಸಿದ ಪುಟ್ಟ ಲೇಖನವೊಂದು ಇಂಥ ಅಂಕಗಳ ಮಿತಿಯನ್ನೂ ತೋರಿಸಿತು. ಒಬ್ಬ ವ್ಯಕ್ತಿಯ ಬಗ್ಗೆ ಇರುವ ಒಟ್ಟು ಅಭಿಪ್ರಾಯ ಅವನ ಬುದ್ಧಿ, ನಾಯಕತ್ವ, ಮೈಕಟ್ಟು ಮುಂತಾದ ಬಿಡಿ ಗುಣಗಳಿಗೆ ಕೊಡುವ ಅಂಕಗಳನ್ನೆಲ್ಲ ಒಂದೇ ಬಣ್ಣಕ್ಕೆ ತಿರುಗಿಸುತ್ತದೆ. ಇದನ್ನೇ ಇಂದು ಪ್ರಭಾವಲಯ ದೋಷವೆನ್ನುತ್ತಾರೆ.

1928ರ 'ಅಡಲ್ಟ್ ಲರ್ನಿಂಗ್' ಕೃತಿಯಲ್ಲಿ, ಕಲಿಯುವ ಸಾಮರ್ಥ್ಯ ಇಪ್ಪತ್ತರ ಆಸುಪಾಸಿನಲ್ಲಿ ಉತ್ತುಂಗಕ್ಕೇರಿ, ಆನಂತರ ಸುಮಾರು 45ರ ವಯಸ್ಸಿನವರೆಗೆ ವರ್ಷಕ್ಕೆ ಶೇಕಡಾ 1ರಷ್ಟು ಮಾತ್ರ ಇಳಿಯುತ್ತದೆ ಎಂದರು. ದೊಡ್ಡವರಿಗೆ ವಿದ್ಯೆ ಹತ್ತುವುದಿಲ್ಲವೆಂಬ ಧೋರಣೆಯ ನಡುವೆ ವಯಸ್ಕರ ಶಿಕ್ಷಣ ಚಳವಳಿಗೆ ಇದು ದೊಡ್ಡ ಆಸರೆಯಾಯಿತು.

ನಿಯಮಗಳ ಪರಿಷ್ಕರಣೆ

1929ರಲ್ಲಿ ನ್ಯೂ ಹೇವನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಮನೋವಿಜ್ಞಾನ ಸಮ್ಮೇಳನದಲ್ಲಿ ಥಾರ್ನ್‌ಡೈಕ್ ತಮ್ಮ ಹಿಂದಿನ ನಿಯಮಗಳಲ್ಲಿ ದೋಷವಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಇದಕ್ಕೆ ಆಧಾರವಾದ ಪ್ರಯೋಗಗಳನ್ನು 1931 ಮತ್ತು 1932ರ ಗ್ರಂಥಗಳಲ್ಲಿ ವಿವರಿಸಿದ್ದಾರೆ.

ಕಣ್ಣು ಮುಚ್ಚಿಕೊಂಡು 4 ಅಂಗುಲ ಉದ್ದದ ಗೆರೆ ಎಳೆಯುವುದು ಒಂದು ಪ್ರಯೋಗ. ಎಳೆದ ಗೆರೆ ಸರಿಯೋ ತಪ್ಪೋ ತಿಳಿಸುತ್ತಿರಲಿಲ್ಲ. ಸಾವಿರಾರು ಬಾರಿ ಎಳೆದರೂ ಸುಧಾರಣೆ ಕಾಣಲಿಲ್ಲ. ಬರಿಯ ಪುನರಾವರ್ತನೆ ಏನನ್ನೂ ಕಲಿಸುವುದಿಲ್ಲವೆಂದು ಇದರಿಂದ ತಿಳಿದು, ಅಭ್ಯಾಸ ನಿಯಮವನ್ನು ಸ್ವತಂತ್ರ ನಿಯಮದ ಸ್ಥಾನದಿಂದ ಇಳಿಸಿದರು. ಫಲಿತಾಂಶದ ಅರಿವು ಕೂಡಿದಾಗ ಮಾತ್ರ ಅಭ್ಯಾಸಕ್ಕೆ ಬೆಲೆ.

ಇನ್ನೊಂದು ಪ್ರಯೋಗದಲ್ಲಿ ಸ್ಪ್ಯಾನಿಷ್ ಪದವೊಂದಕ್ಕೆ ಐದು ಇಂಗ್ಲಿಷ್ ಅರ್ಥಗಳನ್ನು ಕೊಟ್ಟು ಸರಿಯಾದುದನ್ನು ಆರಿಸಲು ಹೇಳಲಾಯಿತು. ಆರಿಸಿದ ಕೂಡಲೇ ಸರಿ ಅಥವಾ ತಪ್ಪು ಎಂದು ತಿಳಿಸುತ್ತಿದ್ದರು. ಸರಿಯೆನಿಸಿಕೊಂಡ ಉತ್ತರಗಳು ಮುಂದಿನ ಸುತ್ತುಗಳಲ್ಲಿ ಸ್ಪಷ್ಟವಾಗಿ ಹೆಚ್ಚಿದವು. ಆದರೆ ತಪ್ಪೆನಿಸಿಕೊಂಡ ಉತ್ತರಗಳು ಅದೇ ಪ್ರಮಾಣದಲ್ಲಿ ಕಡಿಮೆಯಾಗಲಿಲ್ಲ. ಬಹುಮಾನವೂ ದಂಡನೆಯೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲವೆಂದು ಥಾರ್ನ್‌ಡೈಕ್ ಮನಗಂಡರು. ದಂಡನೆಯಿಂದ ಏನಾದರೂ ಪ್ರಯೋಜನವಿದ್ದರೆ ಅದು ಪರೋಕ್ಷ: ಕಲಿಯುವವರು ಬೇರೊಂದು ಪ್ರತಿಕ್ರಿಯೆಯನ್ನು ಪ್ರಯತ್ನಿಸುತ್ತಾರೆ, ಅದು ಸರಿಯಾದರೆ ಗಟ್ಟಿಯಾಗುತ್ತದೆ.

ತರಗತಿಯ ಮಟ್ಟಿಗೆ ಈ ಎರಡು ತಿದ್ದುಪಡಿಗಳು ಮೂಲ ನಿಯಮಗಳಿಗಿಂತ ಮುಖ್ಯವೆಂದರೆ ತಪ್ಪಾಗಲಾರದು. ತಪ್ಪು ಬರೆದ ಪದವನ್ನು ನೂರು ಸಲ ಬರೆಸುವ ಶಿಕ್ಷೆ, ಏಟು ಕೊಟ್ಟರೆ ತಪ್ಪು ಅಳಿಸಿಹೋಗುತ್ತದೆ ಎಂಬ ನಂಬಿಕೆ, ಇವೆರಡಕ್ಕೂ 1913ರ ಥಾರ್ನ್‌ಡೈಕ್ ಅವರಲ್ಲಿ ಅಲ್ಪಸ್ವಲ್ಪ ಸಮರ್ಥನೆ ದೊರೆಯಬಹುದು. 1932ರ ಥಾರ್ನ್‌ಡೈಕ್ ಅವರಲ್ಲಿ ದೊರೆಯುವುದಿಲ್ಲ. ದಂಡನೆಯ ಬಗ್ಗೆ ಅವರ ಕೊನೆಯ ನಿಲುವನ್ನು ನಂತರದ ಸಂಶೋಧಕರೆಲ್ಲರೂ ಒಪ್ಪಿಲ್ಲ. ತೀವ್ರ ದಂಡನೆ ವರ್ತನೆಯನ್ನು ತಡೆಯುತ್ತದೆಂದು ತೋರಿಸುವ ಪ್ರಯೋಗಗಳಿವೆ. ಆದರೆ ತಡೆಯುವುದು ಬೇರೆ, ಕಲಿಸುವುದು ಬೇರೆ.

ಟೀಕೆ ಮತ್ತು ವಿವಾದ

ಗೆಸ್ಟಾಲ್ಟ್ ಪಂಥದ ವೋಲ್ಫ್‌ಗಾಂಗ್ ಕೊಹ್ಲರ್ ಚಿಂಪಾಂಜಿಗಳ ಮೇಲೆ ನಡೆಸಿದ ಅಧ್ಯಯನದ ಆಧಾರದಿಂದ ಒಗಟು ಪೆಟ್ಟಿಗೆಯ ರಚನೆಯನ್ನೇ ಪ್ರಶ್ನಿಸಿದರು. ಬಾಗಿಲಿನ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಬೆಕ್ಕಿಗೆ ಕಾಣುವಂತೆಯೇ ಇರದಿದ್ದಾಗ, ಅದು ಒಳನೋಟದಿಂದ ಕಲಿಯಲಿಲ್ಲವೆಂದು ದೂರುವುದು ನ್ಯಾಯವಲ್ಲ ಎಂಬುದು ಈ ಟೀಕೆಯ ಸಾರ. ಅಂಕಗಣಿತದ ಬೋಧನೆಯಲ್ಲಿ ವಿಲಿಯಂ ಬ್ರೌನೆಲ್ 1935ರಲ್ಲಿ ಬಿಡಿಬಿಡಿ ಸಂಬಂಧಗಳ ಗಟ್ಟಿ ಅಭ್ಯಾಸಕ್ಕೆ ಬದಲಾಗಿ ಅರ್ಥಗ್ರಹಣಕ್ಕೆ ಒತ್ತು ಕೊಡಬೇಕೆಂದರು.

ಕೊಲಂಬಿಯಾದಲ್ಲಿಯೇ ಇದ್ದ ತತ್ತ್ವಜ್ಞಾನಿ ಜಾನ್ ಡ್ಯೂಯಿ ಮತ್ತು ಥಾರ್ನ್‌ಡೈಕ್ ಅವರ ದಾರಿಗಳು ಬೇರೆ ಬೇರೆ. ಡ್ಯೂಯಿ ಅವರಿಗೆ ಶಾಲೆ ಒಂದು ಪುಟ್ಟ ಸಮಾಜ. ಥಾರ್ನ್‌ಡೈಕ್ ಅವರಿಗೆ ಅದು ಅಳೆಯಬಹುದಾದ ಬದಲಾವಣೆಗಳನ್ನು ಉಂಟುಮಾಡುವ ಸ್ಥಳ. ಇಪ್ಪತ್ತನೆಯ ಶತಮಾನದ ಅಮೆರಿಕದ ಶಾಲೆಗಳಲ್ಲಿ ಗೆದ್ದದ್ದು ಥಾರ್ನ್‌ಡೈಕ್, ಸೋತದ್ದು ಡ್ಯೂಯಿ ಎಂದು ಇತಿಹಾಸಕಾರ್ತಿ ಎಲೆನ್ ಲಾಗೆಮನ್ ಅಭಿಪ್ರಾಯಪಟ್ಟಿದ್ದಾರೆ. ಪ್ರಮಾಣಿತ ಪರೀಕ್ಷೆಗಳು ಆಳುವ ಶಾಲೆಗಳನ್ನು ಕಂಡರೆ ಈ ಮಾತನ್ನು ತಳ್ಳಿಹಾಕುವುದು ಕಷ್ಟ.

ಥಾರ್ನ್‌ಡೈಕ್ ಅವರ ಸಾಮಾಜಿಕ ನಿಲುವುಗಳು ಹೆಚ್ಚು ಗಂಭೀರವಾದ ಆಕ್ಷೇಪಕ್ಕೆ ಗುರಿಯಾಗಿವೆ. 1905ರಲ್ಲಿ 50 ಜೋಡಿ ಅವಳಿಗಳ ಅಧ್ಯಯನ ನಡೆಸಿದ ಅವರು, ಬುದ್ಧಿಶಕ್ತಿ ಬಹುಪಾಲು ಆನುವಂಶಿಕವೆಂದು ನಂಬಿದ್ದರು, ಸುಜನನವಾದವನ್ನು ಬೆಂಬಲಿಸಿದರು, ಜನಾಂಗಗಳ ನಡುವೆ ಹುಟ್ಟಿನಿಂದಲೇ ಮೇಲುಕೀಳಿದೆ ಎಂಬರ್ಥದ ಬರಹಗಳನ್ನು ಪ್ರಕಟಿಸಿದರು. ಪುರುಷರಲ್ಲಿ ಬುದ್ಧಿಯ ವೈವಿಧ್ಯ ಹೆಚ್ಚಾದ್ದರಿಂದ ಉನ್ನತ ವಿದ್ಯೆಯಲ್ಲಿ ಮಹಿಳೆಯರಿಗಾಗಿ ಮಾಡುವ ಹೂಡಿಕೆಗೆ ಮಿತಿಯಿರಬೇಕೆಂದು ವಾದಿಸಿದರು. ಈ ವಾದವನ್ನು ಪ್ರಯೋಗಗಳ ಮೂಲಕ ಪ್ರಶ್ನಿಸಿದವರು ಅವರದೇ ಶಿಷ್ಯೆ ಲೀಟಾ ಹಾಲಿಂಗ್‌ವರ್ತ್. ಅವರು ಥಾರ್ನ್‌ಡೈಕ್ ಮಾರ್ಗದರ್ಶನದಲ್ಲಿಯೇ 1916ರಲ್ಲಿ ಡಾಕ್ಟರೇಟ್ ಪಡೆದು, ಟೀಚರ್ಸ್ ಕಾಲೇಜಿನಲ್ಲಿಯೇ ಅಧ್ಯಾಪಕರಾದರು.

ಗೌರವಗಳು ಮತ್ತು ನಿಧನ

1912ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಅಧ್ಯಕ್ಷರಾದರು, 1917ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಮೊದಲ ಮಹಾಯುದ್ಧದಲ್ಲಿ ಸೈನಿಕರ ವರ್ಗೀಕರಣಕ್ಕೆ ಬಳಸಿದ ಬುದ್ಧಿ ಪರೀಕ್ಷೆಗಳ ತಯಾರಿಕೆಯಲ್ಲಿ ಪಾಲ್ಗೊಂಡರು. 1934ರಲ್ಲಿ ಅಮೆರಿಕದ ವಿಜ್ಞಾನ ಪ್ರಗತಿ ಸಂಘದ ಅಧ್ಯಕ್ಷರಾದರು. ಅವರ ಪ್ರಕಟಣೆಗಳ ಸಂಖ್ಯೆ 500ನ್ನು ಮೀರುತ್ತದೆ.

ಥಾರ್ನ್‌ಡೈಕ್ 1949ರ ಆಗಸ್ಟ್ 9ರಂದು ನ್ಯೂಯಾರ್ಕ್ ರಾಜ್ಯದ ಮಾಂಟ್ರೋಸ್‌ನಲ್ಲಿ ನಿಧನರಾದರು. ಮಗಳು ಫ್ರಾನ್ಸಿಸ್ ಗಣಿತಜ್ಞೆಯಾದರು. ಮಗ ರಾಬರ್ಟ್ ಎಲ್. ಥಾರ್ನ್‌ಡೈಕ್ ತಂದೆಯಂತೆಯೇ ಟೀಚರ್ಸ್ ಕಾಲೇಜಿನಲ್ಲಿ ಮಾಪನಶಾಸ್ತ್ರದ ಪ್ರಾಧ್ಯಾಪಕರಾಗಿ, ಲಾರ್ಜ್ ಅವರೊಂದಿಗೆ ಲಾರ್ಜ್-ಥಾರ್ನ್‌ಡೈಕ್ ಬುದ್ಧಿ ಪರೀಕ್ಷೆಯನ್ನು ರೂಪಿಸಿದರು. ಕಾಲೇಜಿನ ಕಟ್ಟಡವೊಂದಕ್ಕೆ ಎಡ್ವರ್ಡ್ ಥಾರ್ನ್‌ಡೈಕ್ ಅವರ ಹೆಸರಿಡಲಾಗಿತ್ತು. ಜನಾಂಗ, ಲಿಂಗ ಮತ್ತು ಸುಜನನವಾದದ ಕುರಿತ ಅವರ ಬರಹಗಳ ಕಾರಣದಿಂದ ಆಡಳಿತ ಮಂಡಳಿ 2020ರಲ್ಲಿ ಆ ಹೆಸರನ್ನು ತೆಗೆದುಹಾಕಲು ನಿರ್ಣಯಿಸಿತು.